ಬೀಸುವ ಕೋಣೆಗೆ ತೆರೆದ ಕಿಟಕಿ

“ಹಲೋ... ಯಾರು ಮಾತಾಡ್ತಿರೋದು?... ಹಾಂ, ಇಂಜಿನಿಯರ್ರಾ? ನಮ್ಮ ಹಳೇ ನೀರಿನ ಗಿರಣಿ ಮನೆ ರಿಪೇರಿ ಮಾಡಿಸ್ತಿರೋರು, ಅಲ್ವಾ? ಹೇಳಿ ಸಾರ್.”

ಗಿರಣಿಯವರ ಮಗಳು ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಅವಳಿಗೀಗ ಅರವತ್ತೆರಡು.

“ಗೋಡೆಗೆ ತಾಗದೆ ನಿಂತಿರೋ ಕಂಬಗಳಾ?... ಬೇಕಂತಲೇ ಹಾಗೆ ಕಟ್ಟಿದ್ದು ಸಾರ್. ಬೀಸೋ ಕಲ್ಲಿನ ಭಾರವೆಲ್ಲ ಆ ನಾಲ್ಕು ಕಂಬದ ಮೇಲೆ. ಗೋಡೆಗೆ ಸೇರಿಸಿದ್ರೆ ಕಲ್ಲು ತಿರುಗುವಾಗಿನ ಅದುರಾಟಕ್ಕೆ ಮನೆಯೇ ಬಿರುಕು ಬಿಡ್ತಿತ್ತು... ಅಯ್ಯೋ, ನಮ್ಮ ತಾತ ಕಟ್ಟಿಸಿದ್ದಲ್ಲ, ಅವರ ತಾತ!”

...

“ಕಿಟಕಿನಾ?... ಯಾವ ಕಿಟಕಿ?... ಮಹಡಿ ಮೇಲೆ, ಮಲಗೋ ಕೋಣೇಲಿ...”

ಅವಳ ಪಾದ ಪೆಡಲಿನಿಂದ ಕೆಳಗಿಳಿಯಿತು.

“ಹೌದು, ಇತ್ತು. ಹೊರಗಡೆಗಲ್ಲ, ಕೆಳಗಿನ ಬೀಸೋ ಕೋಣೆಗೆ ತೆರೀತಿತ್ತು. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದ್ರೆ ಕಿಡಿ ಹಾರುತ್ತೆ, ಹಿಟ್ಟಿನ ಧೂಳಿಗೆ ಬೆಂಕಿ ಹತ್ತುತ್ತೆ. ಮಲಗೋ ಕಡೆಯಿಂದಲೇ ಒಂದು ಕಣ್ಣಿಡೋಕೆ ಆ ಕಿಟಕಿ... ಹಾಂ, ಅಪ್ಪನೇ ಇಟ್ಟಿಗೆ ಇಟ್ಟು ಮುಚ್ಚಿದ್ದು.”

...

“ಯಾಕೆ ಅಂದ್ರೆ... ನನ್ನ ತಂಗಿ ಸಾರ್. ಪುಟ್ಟಿ. ನಾಲ್ಕು ವರ್ಷ. ಗಿರಣಿ ನಿಂತಿದ್ದಾಗ ಆಡ್ತಾ ಆಡ್ತಾ ಹಲ್ಲಿನ ಚಕ್ರದ ಹಿಂದೆ ಹೋಗಿ ಕೂತಿದ್ಲು. ಚಕ್ರ ತಿರುಗಿಬಿಡ್ತು. ಅಮ್ಮ ಆ ಕಿಟಕೀಲಿದ್ಲು. ಮೆಟ್ಟಿಲಿಳಿದು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅಮ್ಮನ ಕಣ್ಣಿಗೆ ಆ ಜಾಗ ಮತ್ತೆ ಬೀಳಬಾರದು ಅಂತ ಅಪ್ಪ ಅದೇ ವಾರ ಮುಚ್ಚಿಬಿಟ್ರು. ದಯವಿಟ್ಟು ಅದನ್ನ ತೆಗೀಬೇಡಿ.”

...

“ತೆಗೆದಾಯ್ತಾ?... ಏನಂದ್ರಿ? ಅಮ್ಮ ಅಲ್ಲಿದ್ದಾಳಾ? ಯಾರು ಕರ್ಕೊಂಡು ಬಂದ್ರು, ಅಣ್ಣನಾ? ಅವನಿಗೆ ಬುದ್ಧಿ ಬೇಡ್ವಾ!... ಒಂದು ಗಂಟೆಯಿಂದ ಕಿಟಕಿ ಮುಂದೆ ನಿಂತೇ ಇದ್ದಾಳಾ? ಕೂರಿಸಿ ಸಾರ್, ಮೊದಲು ಕೂರಿಸಿ. ಫೋನ್ ಅವಳ ಕಿವಿಗೆ ಹಿಡೀರಿ.”

...

“ಅಮ್ಮಾ, ನಾನಮ್ಮ... ಬೇಡ, ನೋಡ್ಬೇಡ, ಅಣ್ಣನ ಜೊತೆ ಕೆಳಗಿಳಿ... ಏನು? ನೀನೇ ಹೇಳಿ ಮುಚ್ಚಿಸಿದ್ಯಾ? ಯಾಕಮ್ಮ?”

...

“ಸರಿಯಾಗಿ ಕೇಳಿಸ್ತಿಲ್ಲ... ಅಲ್ಲಿಂದ ಏನು ಕಾಣುತ್ತೆ ಅಂತ ಯಾರಿಗೂ ಗೊತ್ತಾಗಬಾರದು ಅಂತಾನಾ? ಏನಮ್ಮ ಕಾಣುತ್ತೆ?... ತೂಬಿನ ಹಿಡಿನಾ?”

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆ ಹಿಡಿ ಎಳೆದರೆ ಕಾಲುವೆಯ ನೀರು ಚಕ್ರಕ್ಕೆ ನುಗ್ಗುತ್ತಿತ್ತು. ತೂಬು ತಾನಾಗಿ ಜಾರಿತೆಂದು ಅಪ್ಪ ಸಾಯುವವರೆಗೂ ನಂಬಿದ್ದರು. ಎಳೆದವಳು ಒಂಬತ್ತು ವರ್ಷದ ತಾನೆಂದು ಅವಳು ಐವತ್ತಮೂರು ವರ್ಷ ಯಾರೆದುರೂ ಬಾಯಿಬಿಟ್ಟಿರಲಿಲ್ಲ.

“ನನ್ನ ನೋಡಿದ್ಯಾ ಅಮ್ಮ?... ಅವತ್ತೇ?... ಅಪ್ಪನಿಗೂ ಹೇಳ್ಲಿಲ್ವಾ?... ಒಂದು ಸಲನಾದ್ರೂ ಬಯ್ಯಬಾರದಿತ್ತಾ? ಮಾರನೇ ದಿನ ಎಂದಿನ ಹಾಗೇ ನನ್ನ ತಲೆ ಬಾಚಿದ್ಯಲ್ಲಮ್ಮ... ಅಳ್ಬೇಡ. ಕೇಳು, ಅವಳು ಅಲ್ಲಿ ಕೂತಿದ್ದು ನನಗೆ ಗೊತ್ತಿರಲಿಲ್ಲ. ಕೇಳಿಸ್ತಾ? ನನಗೆ ಗೊತ್ತಿರ... ಹಲೋ?... ಅಮ್ಮಾ?... ಹಲೋ?...”