ಅಮ್ಮನ ಬಾಯಿ ಒಣಗಿದ್ದು

…ಇಲ್ಲಮ್ಮ, ಈ ಜೊಲ್ಲಿನ ವಿಷಯ ನಾನು ಕಟ್ಟಿದ ಕಥೆಯಲ್ಲ. ಹಲ್ಲಿನ ಡಾಕ್ಟರಿಕೆ ಓದುವಾಗ ನಮ್ಮ ಬೋಳುತಲೆ ಮೇಷ್ಟ್ರು ಮೊದಲು ಹೇಳಿದ್ದು. ಅಲುಗಾಡಬೇಡ, ಬಾಯಲ್ಲಿಟ್ಟ ಹತ್ತಿ ಜಾರತ್ತೆ! ಇವತ್ತಾದ್ರೂ ಮಗಳು ಮಾತಾಡ್ಲಿ, ನೀನು ಕೇಳು.

ಜೊಲ್ಲು ಅಂದ್ರೆ ಬರೀ ನೀರಲ್ಲ ಕಣಮ್ಮ. ಗ್ರಂಥಿಯಲ್ಲಿ ಹುಟ್ಟುವಾಗ ಹೆಚ್ಚುಕಡಿಮೆ ರಕ್ತದಷ್ಟೇ ಉಪ್ಪು. ಬರೋ ದಾರೀಲಿ ಸಣ್ಣ ನಾಳ ಇದೆಯಲ್ಲ, ಅದು ಪಕ್ಕಾ ಜಿಪುಣಿ… ಉಪ್ಪನ್ನೆಲ್ಲ ಹೀರಿ ಮೈಗೇ ವಾಪಸ್ ಕೊಡತ್ತೆ. ಕ್ಯಾಲ್ಸಿಯಂ, ಫಾಸ್ಫೇಟು ಬಾಯಿಗೆ ಬರತ್ತೆ. ದಾರೀಲೇ ಕಲ್ಲು ಕಟ್ಟದ ಹಾಗೆ ಅದಕ್ಕೊಂದು ಪ್ರೋಟೀನಿನ ಕಾವಲು! ಊಟ ಆದಮೇಲೆ ಹುಳಿ ಹಲ್ಲನ್ನ ಕರಗಿಸತ್ತೆ, ಜೊಲ್ಲು ಬಂದು ತೇಪೆ ಹಾಕತ್ತೆ. ದಿನಾ… ದಿನಾ!

ಯಾಕೆ ನಗ್ತೀಯ? ತೇಪೆ ಅಂದಿದ್ದಕ್ಕಾ?

ಜೊಲ್ಲು ಬತ್ತಿದ್ರೆ… ಹೀಗೇ. ಹಲ್ಲಿನ ಬುಡವೆಲ್ಲ ಕೊರೆದುಹೋಗತ್ತೆ. ನೀನು ಕದ್ದು ಸಿಹಿ ತಿಂತೀಯ ಅಂತ ನಾನು ಬೈದೆ, ತಪ್ಪಾಯ್ತು. ವಯಸ್ಸು ಕಣಮ್ಮ, ವಯಸ್ಸು… ಹಾಗೆ ನೋಡಬೇಡ! ಸರಿ, ವಯಸ್ಸಾದವರಿಗೆಲ್ಲ ಹೀಗೆ ಬತ್ತಲ್ಲ. ಕೆಲವು ಮಾತ್ರೆಗಳಿವೆ… ಜೊಲ್ಲು ಬಿಡು ಅಂತ ನರ ಕೂಗಿದ್ದು ಗ್ರಂಥಿಗೆ ಕೇಳದ ಹಾಗೆ ಮಾಡ್ತಾವೆ.

ಯಾವ ಮಾತ್ರೆ ಅಂತ ಕಣ್ಣಲ್ಲೇ ಕೇಳ್ತೀಯಲ್ಲ! ನಾನು ಕೊಡೋದು ಶಕ್ತಿ ಮಾತ್ರೆ. ಹೇಳಿದ್ದೀನಲ್ಲ? ಶಕ್ತಿಗೆ… ನಿದ್ದೆನೂ ಬರತ್ತೆ, ಬರಲಿ ಬಿಡು. ಅಪ್ಪ ಹೋದಮೇಲೆ ನೀನು ಅವರ ಖಾಲಿ ಕುರ್ಚಿ ಮುಂದೆ ಕೂತು ಇಡೀ ದಿನ ಮಾತಾಡ್ತಿದ್ದೆ. ಗೋಡೆ ಈಚೆ, ಇಲ್ಲಿ, ನನ್ನ ಪೇಷೆಂಟುಗಳು ಮುಸಿಮುಸಿ ನಗೋರು… ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ! ಖಂಡಿತ ಇಲ್ಲ!

ತಗೋ, ಹತ್ತಿ ತೆಗೆದೆ. ನೋಡು… ಇಟ್ಟಾಗ ಹೇಗಿತ್ತೋ ಹಾಗೇ ಇದೆ. ಒಂದು ಹನಿನೂ ಇಲ್ಲ.

ಈಗ ಬೈ. ಬೈಯಮ್ಮ!

…ನಿನ್ನ ಮುಖದಲ್ಲಿ ಒಂದಿಷ್ಟೂ ಆಶ್ಚರ್ಯ ಇಲ್ಲ… ಅಮ್ಮಾ, ಗೊತ್ತಿತ್ತಾ? ನಿನ್ನ ಮಾತು ನಿಲ್ಲಿಸೋಕೇ ಕೊಡ್ತಿದ್ದೀನಿ ಅಂತ ಗೊತ್ತಿದ್ದೂ… ನಾನು ಮಾತ್ರೆ ಹಿಡಿದಾಗೆಲ್ಲ ಮಗು ಥರ 'ಆ' ಅಂತಿದ್ಯಾ?

ಬೇಡ, ತಲೆ ಸವರಬೇಡ. ಸಂಜೆ ತಂಗಿ ಫೋನ್ ಮಾಡ್ತಾಳೆ, ಅಮ್ಮನ ಹಲ್ಲಿಗೆ ಏನಾಯ್ತು ಅಂತ ಕೇಳ್ತಾಳೆ. ನನ್ನ ಕೈಗೆ ಫೋನ್ ಕೊಟ್ರೆ ಮತ್ತೆ ವಯಸ್ಸು ಅಂತೀನಿ, ಗೊತ್ತು ನಂಗೆ. ಕೊಡಬೇಡ. ಇದ್ದದ್ದು ಇದ್ದ ಹಾಗೆ ಅವಳಿಗೆ ನೀನೇ ಹೇಳಮ್ಮ.