ತಾಯಿಯ ಹೆಸರು

ಬೆಳಿಗ್ಗೆ ಹತ್ತೂವರೆ. ತರೀಕೆರೆ ಬಸ್ ನಿಲ್ದಾಣದಲ್ಲಿ ಚಿಕ್ಕಮಗಳೂರಿನ ಬಸ್ಸಿಗೆ ಕಾಯುತ್ತಿದ್ದ ಸಿದ್ದಲಿಂಗೇಶನ ಬೆಂಚಿನಲ್ಲೇ ಬುಕ್ಕಾಂಬುಧಿಯ ಚೌಡಮ್ಮ ಮತ್ತು ಮಗ ಹಾಲೇಶ ಕೂತಿದ್ದರು. ಹಾಲೇಶನ ಹೆಂಡತಿ ಸರಿತಾ ನೇಪಾಳದವಳು. ಅವಳ ಪೌರತ್ವದ ಅರ್ಜಿಯನ್ನು ಅಂದೇ ಡಿ.ಸಿ. ಕಚೇರಿಗೆ ಕೊಡಬೇಕಿತ್ತು. ಅವಳು ಉಳಿದ ದಾಖಲೆಗಳನ್ನು ಜೆರಾಕ್ಸ್ ಮಾಡಿಸಲು ಹೋಗಿದ್ದಳು. ಹಾಲೇಶ ಅರ್ಜಿ ಓದುತ್ತಿದ್ದ.

“ಅವ್ವಾ, ಇವ್ಳು ಏನ್ ಬರ್ದವ್ಳೆ ಕೇಳು. ತಾಯಿ ಹೆಸ್ರು, ಬೀರಮ್ಮ.”

“ಬೀರಮ್ಮ ನಮ್ಮವ್ವ ಕಣೋ, ನಿನ್ನಜ್ಜಿ!”

“ಹುಟ್ಟಿದ್ದು, ಬುಕ್ಕಾಂಬುಧಿ.”

“ತಮಾಷೆಗೆ ಬರ್ದಿರ್ಬೇಕು ಬಿಡು.”

“ಇಲ್ಲೇ ಹುಟ್ಟಿದ್ರೆ ಅರ್ಜಿ ಯಾಕಮ್ಮಾ ಅಂತ ನಗ್ತಾರೆ ಆಫೀಸಲ್ಲಿ. ಎಂಟು ವರ್ಷ ಕಾದಿದ್ದು ಮಣ್ಣುಪಾಲು.”

“ಇನ್ನೇನ್ ಬರ್ದವ್ಳೆ?”

“ಗುರುತು, ಎಡಗೈ ಮೇಲೆ ಸುಟ್ಟ ಕಲೆ. ಅವ್ಳ ಕೈಮೇಲೆ ಯಾವ ಕಲೇನೂ ಇಲ್ಲ ಕಣವ್ವಾ.”

ಚೌಡಮ್ಮ ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು.

“ನಮ್ ಪುಟ್ಟಿಗಿತ್ತು. ನನ್ ತಂಗಿ. ಐದು ವರ್ಷಕ್ಕೇ ಕೆರೇಲಿ ಮುಳುಗಿ ಹೋದ್ಲು.”

“ನಿಂಗೆ ತಂಗಿ ಇದ್ಲಾ? ನಂಗೇ ಹೇಳಿಲ್ವಲ್ಲ!”

“ಯಾರಿಗೂ ಹೇಳಿಲ್ಲ. ಅವತ್ತು ಕೆರೆಗೆ ಕರ್ಕೊಂಡ್ ಹೋಗಿದ್ದೇ ನಾನು.”

“ಸರಿ, ಪೆನ್ ಕೊಡು. ಹೊಡೆದಾಕಿ ಅವ್ಳವ್ವನ ಹೆಸ್ರೇ ಬರೀತೀನಿ.”

“ಮುಟ್ಬೇಡ್ವೋ ಅದನ್ನ.”

ಅಷ್ಟರಲ್ಲಿ ಸರಿತಾ ಬಂದಳು. ಚೌಡಮ್ಮನ ಮುಂದೆ ನಿಂತು ಎಡಗೈ ಚಾಚಿದಳು.

ದಿನಾ ಅತ್ತೆ ಎನ್ನುವವಳು, “ಅಕ್ಕಾ, ಏಳು, ಮನೆಗೆ ಹೋಗಣ” ಎಂದಳು.

ಚಿಕ್ಕಮಗಳೂರಿನ ಬಸ್ ಬಂದು ನಿಂತಿತು. ಚೌಡಮ್ಮ ಆ ಕೈ ಹಿಡಿದುಕೊಂಡು ಎದುರಿಗಿದ್ದ, ಬುಕ್ಕಾಂಬುಧಿ ಕಡೆಗೆ ಹೋಗುವ ಅಜ್ಜಂಪುರದ ಬಸ್ ಹತ್ತಿದಳು. ಹಾಲೇಶ ಕೂಗುತ್ತ ಅವರ ಹಿಂದೆ ಓಡಿದ. ಅರ್ಜಿ ಬೆಂಚಿನ ಮೇಲೆ, ಸಿದ್ದಲಿಂಗೇಶನ ಪಕ್ಕದಲ್ಲಿ ಉಳಿಯಿತು.