ಸೂಜಿಮೀನು ಎಳೆಯುವ ವೇಗ

ಬ್ಲಾಕ್ ದ್ವೀಪಕ್ಕೆ ಹೋಗುವ ಬೆಳಗಿನ ಹಡಗಿನ ಸಾಲಿನಲ್ಲಿ ಡೋರೀನಳ ಮುಂದೆ ಗಾಳದ ಕೋಲು ಹಿಡಿದ ಇಬ್ಬರು ಮುದುಕರು ನಿಂತಿದ್ದರು. ಲೂಶನ್ ಎಂಬವನ ಕೈಯಲ್ಲಿ ಗಾಳಕ್ಕೆ ಕಟ್ಟುವ, ಸೂಜಿಮೀನಿನ ಆಕಾರದ, ಪೆನ್ಸಿಲಿನಂಥ ಮರದ ಹುಸಿಮೀನು. ಇನ್ನೊಬ್ಬ, ಹಾರ್ವಿ, ಅವನಿಗೆ ಪಾಠ ಹೇಳುತ್ತಿದ್ದ.

“ಈ ಸೂಜಿಮೀನನ್ನ ಕುಣಿಸಬೇಡ. ಸುಮ್ಮನೆ ರೀಲು ಸುತ್ತು, ನಿಧಾನಕ್ಕೆ.”

ಲೂಶನ್ ಗಾಳಿಯಲ್ಲಿ ಕೈ ತಿರುಗಿಸಿದ. “ಹಿಂಗಾ?”

“ಏನು, ಕಾಫಿ ಬೀಜ ಬೀಸ್ತಿದೀಯಾ? ಇನ್ನೂ ನಿಧಾನ.”

“ಹಿಂಗೆ ಎಳೆದ್ರೆ ಒಣಕಡ್ಡಿ ತೇಲಿ ಬಂದಂಗಿರುತ್ತಲ್ಲೋ.”

“ಪಟ್ಟೆ ಬಾಸ್ ಮೀನಿಗೆ ಬೇಕಾಗಿರೋದೇ ಆ ಕಡ್ಡಿ. ಎರಡು ವರ್ಷದಿಂದ ಕುಣಿಸಿ ಕುಣಿಸಿ ಏನು ಹಿಡಿದೆ?”

“ಪಾಚಿ.”

“ಈ ಭಾನುವಾರದೊಳಗೆ ಒಂದು ಬಾಸ್ ಹಿಡೀದಿದ್ರೆ ಮೀನು ಹಿಡಿಯೋ ಕ್ಲಬ್ಬಿನವರು ನಿನ್ನಿಂದ ದಡದ ಗೇಟಿನ ಬೀಗದ ಕೈ ಕಿತ್ಕೋತಾರೆ. ನೆನಪಿದೆಯಾ?”

“ಮೂವತ್ತು ವರ್ಷದಿಂದ ನನ್ನ ಜೇಬಲ್ಲಿರೋ ಬೀಗದ ಕೈ ಮಾರಾಯ. ಮರೀತೀನಾ?”

ಸಾಲು ಮುಂದೆ ಹೋಯಿತು. ಇವರು ಹೋಗಲಿಲ್ಲ. ಡೋರೀನ್ ಕೆಮ್ಮಿದಳು, ಆಮೇಲೆ ಬೈದಳು. ಇಬ್ಬರೂ ತಿರುಗಿ ನೋಡಲಿಲ್ಲ.

“ಅಲ್ಲ ಹಾರ್ವಿ, ಕಿತ್ಕೊಂಡು ಯಾರಿಗೆ ಕೊಡ್ತಾರೆ?”

“ಕಾಯ್ತಿರೋರ ಪಟ್ಟೀಲಿ ಮೊದಲನೆಯವನು ನನ್ನ ಅಳಿಯ.”

ಲೂಶನ್ನನ ಕೈ ಅರ್ಧ ಸುತ್ತಿಗೇ ನಿಂತಿತು.

“ಹಾಂ, ನಡುನಡುವೆ ಹಂಗೇ ನಿಲ್ಲಿಸು,” ಎಂದ ಹಾರ್ವಿ. “ಮೀನು ಕಚ್ಚೋದೇ ಆಗ.”

“ಈ ಪಾಠ ನಿಜಾನೇನೋ, ಇಲ್ಲ ಅಳಿಯನಿಗೋಸ್ಕರ ಹೇಳ್ತಿದೀಯೋ?”

“ನನ್ನ ಅಳಿಯನ್ನ ನೋಡಿದೀಯಲ್ಲ. ದಡದಲ್ಲಿ ಅವನ ಪಕ್ಕ ನಿಂತ್ಕೊಳ್ಳೋಕೆ ನನಗೇನು ಹುಚ್ಚಾ?”

ಹಡಗು ಕೂಗಿತು. ಲೂಶನ್ ಗಾಳಿಯಲ್ಲಿ ರೀಲು ಸುತ್ತುತ್ತಲೇ ಹಲಗೆ ಹತ್ತಿದ, ಮೊದಲಿಗಿಂತ ನಿಧಾನವಾಗಿ.